ಇನ್ನೊಂದು ಕೈ

ಮೇಷ್ಟ್ರು ತೀರಿಕೊಂಡ ಸುದ್ದಿ ನಮ್ಮ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಮುಚ್ಚಿಟ್ಟೆ. ಮೊದಲು ಕೈಮುಗಿದ ಚಿತ್ರಗಳು ಬಂದವು, ಆಮೇಲೆ ಅಳುವ ಮುಖಗಳು, ಆಮೇಲೆ ಆ ಫೋಟೋ ಬಂತು. ವೇದಿಕೆಯ ಮೇಲೆ ಮೇಷ್ಟ್ರು ಪೇಟ ತೊಟ್ಟು, ಅಂಗೈ ಚಾಚಿ ನಿಂತಿದ್ದಾರೆ. ಎದುರಿಗೆ ನಮ್ಮ ಜೊತೆ ಓದಿದ ಶಿವಲಿಂಗ ಕೋಲು ಹಿಡಿದಿದ್ದಾನೆ. ಸುತ್ತ ಇರುವವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಕೆಳಗೆ ಯಾರೋ ಬರೆದಿದ್ದರು: ‘ಏಟು ಕೊಟ್ಟು ಬದುಕು ಕೊಟ್ಟ ಗುರುವಿಗೆ ನಮನ. ಆ ಕಾಲ ಮತ್ತೆ ಬಾರದು.’

ಗುಂಪಿನ ಹೆಸರೇ ‘ಆ ಕಾಲ’. ಎಂಬತ್ತರ ದಶಕದಲ್ಲಿ ಮದ್ದೂರು ತಾಲ್ಲೂಕಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಜೊತೆಗೆ ಓದಿದವರು ನಾವು. ಈಗ ಎಲ್ಲರಿಗೂ ಐವತ್ತು ದಾಟಿದೆ, ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ. ಬೆಳಗಾದರೆ ಸಾಕು, ಆ ಕಾಲದಲ್ಲಿ ಫ್ಯಾನ್ ಇರಲಿಲ್ಲ ನಿದ್ದೆ ಇತ್ತು, ಫೋನ್ ಇರಲಿಲ್ಲ ಸ್ನೇಹ ಇತ್ತು ಅಂತ ಯಾರಾದರೊಬ್ಬರು ಶುರುಮಾಡುತ್ತಾರೆ. ಒಂದು ಸಲ ತಡೆಯಲಾರದೆ ‘ಸ್ಕೂಲಲ್ಲಿ ಹೆಣ್ಣುಮಕ್ಕಳಿಗೆ ಕಕ್ಕಸು ಇರಲಿಲ್ಲ, ಸಂಜೆವರೆಗೂ ಹೊಟ್ಟೆನೋವು ಇತ್ತು’ ಅಂತ ಹಾಕಿದೆ. ಎರಡು ದಿನ ಯಾರೂ ನನ್ನ ಜೊತೆ ಮಾತಾಡಲಿಲ್ಲ.

ಹಾಗಂತ ನನಗೆ ಆ ಕಾಲ ಬೇಡವೆಂದಲ್ಲ. ಕಬ್ಬಿನ ಗಾಡಿ ಹಿಂದೆ ಓಡಿ ಜಲ್ಲೆ ಎಳೆದುಕೊಂಡದ್ದು, ನಾಲೆಗೆ ಹೊಸ ನೀರು ಬಿಟ್ಟ ದಿನ ಚಪ್ಪಲಿ ಕೈಯಲ್ಲಿ ಹಿಡಿದು ಏರಿ ಮೇಲೆ ನಡೆದದ್ದು, ಇವತ್ತಿಗೂ ನೆನೆದರೆ ಬಾಯಲ್ಲಿ ನೀರೂರುತ್ತದೆ, ಕಣ್ಣಲ್ಲೂ ಊರುತ್ತದೆ. ಆದರೆ ಆ ಫೋಟೋ ನೋಡಿದಾಗ ಸಿಟ್ಟು ಬಂತು. ನಗುತ್ತಿದ್ದ ಅಷ್ಟೂ ಜನರ ಮಧ್ಯೆ ಮೇಷ್ಟ್ರು ಒಬ್ಬರು ನಗುತ್ತಿರಲಿಲ್ಲ. ಅದನ್ನು ಯಾರೂ ನೋಡಿರಲಿಲ್ಲ.

ಅವರು ನಮಗೆ ಲೆಕ್ಕ ಹೇಳುತ್ತಿದ್ದರು. ಊರು ಕೆರಗೋಡಿನ ಹತ್ತಿರ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು, ಬೆಸಗರಹಳ್ಳಿಯಲ್ಲಿ ಇಳಿದು, ಅಲ್ಲಿ ಯಾರ ಮನೆಯಲ್ಲೋ ಬಿಟ್ಟಿದ್ದ ಸೈಕಲ್ ಹತ್ತಿ, ಪ್ರಾರ್ಥನೆಯ ಗಂಟೆಗೆ ಮೊದಲೇ ಸ್ಕೂಲಿನಲ್ಲಿರುತ್ತಿದ್ದರು. ಒಂದು ದಿನವೂ ತಡವಾದದ್ದಿಲ್ಲ. ತಾನು ಅಷ್ಟು ದೂರದಿಂದ ಹೊತ್ತಿಗೆ ಸರಿಯಾಗಿ ಬರುವಾಗ ಪಕ್ಕದ ಹಳ್ಳಿಯ ಮಕ್ಕಳಿಗೆ ಏನು ರೋಗ ಅನ್ನುವುದು ಅವರ ವಾದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಸೀಮೆಸುಣ್ಣ ಹಿಡಿದರೆ ಬೋರ್ಡಿನ ಮೇಲೆ ವೃತ್ತ ಒಂದೇ ಸುತ್ತಿಗೆ ಕೂಡಿಕೊಳ್ಳುತ್ತಿತ್ತು. ಆಮೇಲೆ ಬೆರಳಿನ ಪುಡಿಯನ್ನು ಉಫ್ ಅಂತ ಊದಿ, ನಮ್ಮ ಕಡೆ ತಿರುಗಿ, ಅರ್ಧ ನಿಮಿಷ ಸುಮ್ಮನೆ ನೋಡುತ್ತಿದ್ದರು. ಆ ಅರ್ಧ ನಿಮಿಷದಲ್ಲಿ ನಮ್ಮ ಜೀವ ಬಾಯಿಗೆ ಬರುತ್ತಿತ್ತು.

ಯಾರಾದರೂ ಜಾಣತನಕ್ಕೆ ಉತ್ತರ ಕೂಗಿದರೆ ಅವರಿಗೆ ಸಾಲುತ್ತಿರಲಿಲ್ಲ. “ಉತ್ತರ ಬಂತು, ಸರಿ. ಹೆಂಗೆ ಬಂತು ಹೇಳು” ಅನ್ನುತ್ತಿದ್ದರು. ಪಕ್ಕದವನನ್ನು ನೋಡಿ ಬರೆದವನು ಅಲ್ಲೇ ಸಿಕ್ಕಿಬೀಳುತ್ತಿದ್ದ. ಇವತ್ತಿಗೂ ನಾನು ಅಂಗಡಿಯಲ್ಲಿ, ಕಚೇರಿಯಲ್ಲಿ, ಗಂಡನ ಹತ್ತಿರ ಕೂಡ ಈ ಮಾತು ಆಡಿ ಬೈಸಿಕೊಳ್ಳುತ್ತೇನೆ. ಗಣಿತ ಮರೆತುಹೋಯಿತು, ಈ ಮಾತು ಉಳಿಯಿತು.

ಮೇಜಿನ ಮೇಲೆ ಹುಣಸೆ ಬರಲು, ಅಂದರೆ ಎಳೇ ಕೊಂಬೆಯ ಕೋಲು, ಯಾವಾಗಲೂ ಇರುತ್ತಿತ್ತು. ಸ್ಕೂಲಿನ ಹಿಂದಿನ ಮರದಿಂದ ನಾವೇ ಕಿತ್ತುಕೊಡಬೇಕು, ಎಲೆ ಸವರಿ ಕೊಡಬೇಕು, ಆಮೇಲೆ ಅದರಲ್ಲೇ ಏಟು ತಿನ್ನಬೇಕು. ಸಿಟ್ಟಿನಲ್ಲಿ ಹೊಡೆಯುತ್ತಿರಲಿಲ್ಲ, ಅದೇ ಇನ್ನೂ ಕಷ್ಟ. ಹಾಜರಿ ಕೂಗುವಷ್ಟೇ ಸಮಾಧಾನದಲ್ಲಿ ಹೊಡೆಯುತ್ತಿದ್ದರು. ಅವತ್ತು ಯಾವ ಮೇಷ್ಟ್ರು ಹೊಡೆಯುತ್ತಿರಲಿಲ್ಲ? ಅಪ್ಪಂದಿರೇ ಬಂದು “ಚರ್ಮ ಸುಲೀರಿ ಸಾ, ಮೂಳೆ ನಮಗೆ ಬುಡಿ” ಅಂತ ಹೇಳಿಹೋಗುತ್ತಿದ್ದರು.

ತಾಯಮ್ಮ ದಿನಾ ತಡವಾಗಿ ಬರುತ್ತಿದ್ದಳು. ಅವಳಿದ್ದದ್ದು ಊರಿನಾಚೆ ತೋಟದ ಮನೆಯಲ್ಲಿ. ಬೆಳಿಗ್ಗೆ ಎದ್ದು ಹಸು ಕರೆದು, ಡೈರಿಗೆ ಹಾಲು ಹಾಕಿ, ಕ್ಯಾನು ತೊಳೆದಿಟ್ಟು ಓಡಿ ಬರಬೇಕು. ಡೈರಿಯಲ್ಲಿ ಸಾಲು ಉದ್ದ ಇದ್ದರೆ ಪ್ರಾರ್ಥನೆ ಮುಗಿದೇ ಹೋಗಿರುತ್ತಿತ್ತು. ಬಂದವಳು ಬಾಗಿಲಲ್ಲಿ ನಿಂತು, ಕೇಳುವ ಮೊದಲೇ ಎಡಗೈ ಚಾಚುತ್ತಿದ್ದಳು. ಮೇಷ್ಟ್ರು ಒಂದು ಕೊಡುತ್ತಿದ್ದರು, ಅವಳು ಕೈಯನ್ನು ಲಂಗಕ್ಕೆ ಒತ್ತಿಕೊಂಡು ನನ್ನ ಪಕ್ಕ ಬಂದು ಕೂರುತ್ತಿದ್ದಳು. ಯಾಕೆ ಯಾವಾಗಲೂ ಎಡಗೈ ಅಂತ ಕೇಳಿದ್ದಕ್ಕೆ, “ಬಲಗೈಲಿ ಲೆಕ್ಕ ಬರೀಬೇಕು, ಸಂಜೆಗೆ ಆಲು ಕರೀಬೇಕು. ಒಂದು ಕೈ ನೆಟ್ಟಗಿದ್ರೆ ಎಂಗೋ ಆಯ್ತದೆ ಕಣಮ್ಮಿ” ಅಂದಿದ್ದಳು. ಲೆಕ್ಕದಲ್ಲಿ ನಮಗಿಂತ ಚುರುಕು. ‘ಹೆಂಗೆ ಬಂತು ಹೇಳು’ ಅಂದರೆ ನಿಂತು ಹೇಳುತ್ತಿದ್ದ ಹುಡುಗಿ ಅವಳೊಬ್ಬಳೇ.

ಒಂದು ದಿನ ಸ್ಕೂಲಿಗೆ ತನಿಖೆಯ ಸಾಹೇಬರು ಬರುವವರಿದ್ದರು. ಮೇಷ್ಟ್ರು ಬೆಳಿಗ್ಗೆಯಿಂದಲೇ ಬಿರುಸಾಗಿದ್ದರು. ತಾಯಮ್ಮ ಅವತ್ತೂ ತಡ. ಎಡಗೈ ಚಾಚಿದಳು. ಏಟು ಬಿತ್ತು. ಅವಳು ಒಳಗೆ ಬರಲು ಹೆಜ್ಜೆ ಎತ್ತಿದಾಗ ಮೇಷ್ಟ್ರು, “ಇನ್ನೊಂದು ಕೈ” ಅಂದರು. ಅವಳು ಅವರ ಮುಖ ನೋಡಿದಳು. ಮೇಷ್ಟ್ರು ಮತ್ತೆ ಅದೇ ಸಮಾಧಾನದಲ್ಲಿ, “ಇನ್ನೊಂದು ಕೈ” ಅಂದರು. ಬಲಗೈಗೂ ಬಿತ್ತು, ಎಡಗೈಗಿಂತ ಜಾಸ್ತಿಯೇ ಬಿತ್ತು. ಮಾರನೆಯ ದಿನದಿಂದ ನನ್ನ ಪಕ್ಕದ ಜಾಗ ಖಾಲಿ. ಆಮೇಲೆ ಮಳವಳ್ಳಿ ಕಡೆ ಎಲ್ಲಿಗೋ ಮದುವೆ ಮಾಡಿಕೊಟ್ಟರು ಅಂತ ಕೇಳಿದೆವು. ಹೆಣ್ಣುಮಕ್ಕಳು ಸ್ಕೂಲು ಬಿಡುವುದು ಅವತ್ತು ಕೇಳುವಂಥ ಸುದ್ದಿ ಆಗಿರಲಿಲ್ಲ.

ಮೇಷ್ಟ್ರು ನಿವೃತ್ತರಾದ ಮೇಲೆ ಮಂಡ್ಯದಲ್ಲಿ ಮಗಳ ಮನೆಗೆ ಬಂದರು. ನಮ್ಮ ಮನೆಯಿಂದ ಎರಡು ಬೀದಿ ಆಚೆ. ಕಚೇರಿಯಿಂದ ಬಂದು ನಾನು ಪಾರ್ಕಿಗೆ ನಡೆಯಲು ಹೋದರೆ ಅವರು ಸಿಮೆಂಟು ಬೆಂಚಿನ ಮೇಲೆ ಕೂತು, ಅಂಗಿಯ ಚುಂಗಿನಿಂದ ಕನ್ನಡಕ ಒರೆಸುತ್ತಿರುತ್ತಿದ್ದರು. ಕನ್ನಡಕಕ್ಕಿಂತ ಅಂಗಿ ಶುಭ್ರವಾಗಿರುತ್ತಿತ್ತು. ಹಳೇ ಶಿಷ್ಯೆ ಸಿಕ್ಕಿದಳೆಂದು ಅವರಿಗೆ ಸಡಗರ. ‘ಆ ಕಾಲ’ವನ್ನು ಹೊಗಳುವುದರಲ್ಲಿ ನಮ್ಮ ಗುಂಪಿನವರೆಲ್ಲ ಅವರ ಮುಂದೆ ಏನೂ ಅಲ್ಲ.

“ಕೋಲು ಕಿತ್ಕೊಂಡ್ ಮೇಲೆ ಮೇಷ್ಟ್ರು ಅಂದ್ರೆ ಅಟೆಂಡರು ಕಣವ್ವ. ಈಗಿನ ಐಕಳು ಮೇಷ್ಟ್ರ ಮುಂದೆ ಕಾಲ್ ಮೇಲ್ ಕಾಲ್ ಹಾಕ್ಕೊಂಡು ಕೂರ್ತವೆ” ಅನ್ನುತ್ತಿದ್ದರು.

ನಾನು ಸುಮ್ಮನಿರುವವಳಲ್ಲ. “ಕೂತರೆ ಏನಾಯ್ತು ಮೇಷ್ಟ್ರೇ, ಲೆಕ್ಕ ತಲೆಗೆ ಹತ್ತಕ್ಕೆ ಕಾಲು ಅಡ್ಡ ಬರ್ತದಾ?” ಅನ್ನುತ್ತಿದ್ದೆ.

“ನೀನು ಹೈಸ್ಕೂಲಲ್ಲಿ ಬಾಯಿ ಬಿಡ್ತಿರಲಿಲ್ಲ, ಈಗ ನೋಡು” ಅಂತ ನಗುತ್ತಿದ್ದರು. ಬಾಯಿ ಬಿಡದೇ ಇದ್ದದ್ದು ಯಾಕೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹೀಗೆ ವರ್ಷಗಳು ಕಳೆದವು. ಹೋದ ವರ್ಷ ಕೊತ್ತತ್ತಿಯಲ್ಲಿ ಒಂದು ಬೀಗರ ಊಟಕ್ಕೆ ಹೋಗಿಬಂದವರು ನಾಲ್ಕು ದಿನ ಪಾರ್ಕಿಗೆ ಬರಲಿಲ್ಲ. ಐದನೆಯ ದಿನ ಬಂದು ಬೆಂಚಿನ ತುದಿಯಲ್ಲಿ ಕೂತರು. ಕನ್ನಡಕ ಒರೆಸಲಿಲ್ಲ.

“ತಾಯಮ್ಮ ಅಂತ ನಿನ್ನ ಪಕ್ಕ ಕೂರ್ತಿದ್ಲಲ್ಲ” ಅಂದರು. ಇದ್ದಕ್ಕಿದ್ದಂತೆ ಆ ಹೆಸರು ಕೇಳಿ ನನಗೆ ಗಾಬರಿಯಾಯಿತು.

ಊಟದ ಪಂಕ್ತಿಯಲ್ಲಿ ಎದುರಿಗೆ ಕೂತಿದ್ದವನು ತಾಯಮ್ಮನ ತಮ್ಮನಂತೆ. ಗುರುತು ಹಿಡಿದು, ಎದ್ದು ಬಂದು ಕಾಲಿಗೆ ಬಿದ್ದು, ಸುತ್ತ ಕೂತವರಿಗೆಲ್ಲ ಕೇಳುವ ಹಾಗೆ, “ಇವ್ರ ಏಟು ಅಂದ್ರೆ ಸಾಮಾನ್ಯ ಅಲ್ಲ ಕಣ್ರಪ್ಪಾ, ನಮ್ಮಕ್ಕ ಇವ್ರ ಏಟಿಗೇ ಸ್ಕೂಲು ಬುಟ್ಟಿದ್ದು” ಅಂದನಂತೆ. ಎಲ್ಲರೂ ನಕ್ಕರಂತೆ. ಅವನು ಹುರುಪಿನಲ್ಲಿ ಉಳಿದದ್ದನ್ನೂ ಹೇಳಿದನಂತೆ: ಅವತ್ತು ಸಂಜೆ ಅಕ್ಕನ ಎರಡೂ ಕೈ ಊದಿ, ಕೆಚ್ಚಲು ಹಿಂಡಲು ಆಗದೆ, ಹಸು ಒದ್ದು, ಬಕೆಟ್ಟಿನ ಹಾಲೆಲ್ಲ ನೆಲದ ಪಾಲಾಯಿತು. ಅಪ್ಪ ಬಂದು ನೋಡಿ, ಕೈ ಹೀಗಾಗುವುದಾದರೆ ಸ್ಕೂಲೇ ಬೇಡ ಅಂದುಬಿಟ್ಟ. ಇದನ್ನೂ ಅವನು ನಗುನಗುತ್ತಲೇ ಹೇಳಿ, ಮೇಷ್ಟ್ರ ಎಲೆಗೆ ಇನ್ನೊಂದು ಬಾಡಿನ ತುಂಡು ಹಾಕಿ ಅಂತ ಬಡಿಸುವವರಿಗೆ ಉಪಚಾರ ಬೇರೆ ಹೇಳಿದನಂತೆ.

“ಮದುವೆ ಆಯ್ತು, ಅದಕ್ಕೇ ಬಿಟ್ಲು ಅಂದ್ಕೊಂಡಿದ್ದೆ ಕಣವ್ವ ಇಷ್ಟು ವರ್ಷ” ಅಂದರು ಮೇಷ್ಟ್ರು. “ಬಿಟ್ಲು, ಅದಕ್ಕೇ ಮದುವೆ ಆಯ್ತು. ನಾನು ಲೆಕ್ಕಾನೇ ತಿರುಗಾ ಮುರುಗಾ ಹಾಕಿದ್ದೆ.”

ಆ ಕಾಲದಲ್ಲಿ ಎಲ್ಲರೂ ಹೊಡೆಯುತ್ತಿದ್ದರು ಬಿಡಿ ಮೇಷ್ಟ್ರೇ ಅಂತ ನಾನೇ ಅಂದೆ. ಅವರು ನನ್ನ ಕಡೆ ತಿರುಗಿ, ಬೋರ್ಡಿನ ಮುಂದೆ ನಿಂತು ನೋಡುತ್ತಿದ್ದರಲ್ಲ, ಆ ಅರ್ಧ ನಿಮಿಷದ ನೋಟ ನೋಡಿದರು. “ಎಲ್ಲರೂ ಹೊಡೀತಿದ್ರು. ಅವಳ ಬಲಗೈಗೆ ಹೊಡೆದೋನು ನಾನು” ಅಂದರು.

ಇದಾದ ಮೇಲೆ ಅವರ ಬಾಯಲ್ಲಿ ಆ ಕಾಲದ ಹೊಗಳಿಕೆ ನಿಂತಿತು. ಅದೇ ಹೊತ್ತಿಗೆ ನಮ್ಮ ಗುಂಪಿನಲ್ಲಿ ಗುರುವಂದನೆಯ ಗದ್ದಲ ಶುರುವಾಗಿತ್ತು. ಈಗ ಮಂಡ್ಯ ಜಿಲ್ಲೆಯಲ್ಲಿ ಯಾವ ಭಾನುವಾರ ನೋಡಿದರೂ ಯಾವುದಾದರೂ ಸ್ಕೂಲಿನ ಗುರುವಂದನೆ ಇದ್ದೇ ಇರುತ್ತದೆ. ನಮ್ಮದರ ಮುಂದಾಳು ಶಿವಲಿಂಗ. ಕಾಂಟ್ರಾಕ್ಟರು, ಒಳ್ಳೆಯವನು, ಮೈಕು ಸಿಕ್ಕಿದರೆ ಬಿಡುವವನಲ್ಲ. ಹತ್ತನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಹೆಚ್ಚು ಏಟು ತಿಂದವನು ತಾನೇ ಎನ್ನುವುದು ಅವನಿಗೆ ದೊಡ್ಡ ಹೆಮ್ಮೆ.

ಮೇಷ್ಟ್ರು ಬರುವುದಿಲ್ಲ ಅಂದರು. ಶಿವಲಿಂಗ ಕಾರು ತಂದು, ಅವರ ಮಗಳ ಮನೆಯ ಗೇಟಿನ ಮುಂದೆ ಕೂತುಬಿಟ್ಟ. ಕೊನೆಗೆ ಒಪ್ಪಿದರು. “ತಾಯಮ್ಮ ಬರ್ತಾಳಾ ಕೇಳು” ಅಂತ ನನಗೆ ಫೋನು ಮಾಡಿದರು. ಕೇಳಿದೆ. ಹತ್ತನೇ ಕ್ಲಾಸು ಪಾಸಾದವರನ್ನು ಮಾತ್ರ ಕರೆದಿದ್ದೇವೆ ಅಂದ ಶಿವಲಿಂಗ. ಅವನ ಪಟ್ಟಿಯಲ್ಲಿ ಅವಳು ಇರಲೇ ಇಲ್ಲ.

ಮದ್ದೂರಿನ ಸಮುದಾಯ ಭವನದಲ್ಲಿ ಕಾರ್ಯಕ್ರಮ. ಬಾಳೆಕಂಬ, ಫ್ಲೆಕ್ಸು, ಗಂಡಸರೆಲ್ಲ ಒಂದೇ ಬಣ್ಣದ ಅಂಗಿ, ಹೆಂಗಸರೆಲ್ಲ ಒಂದೇ ಬಣ್ಣದ ಸೀರೆ. ನನ್ನ ಬಣ್ಣಕ್ಕೆ ಆ ಹಸಿರು ಒಪ್ಪುವುದಿಲ್ಲ ಅಂದರೂ ಕೇಳಲಿಲ್ಲ. ಮೇಷ್ಟ್ರಿಗೆ ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟ ಮೇಲೆ ಶಿವಲಿಂಗ ಒಂದು ತಟ್ಟೆ ತರಿಸಿದ. ತಟ್ಟೆಯಲ್ಲಿ ಹುಣಸೆ ಬರಲು. ಹಿಡಿಗೆ ಜರಿ ಸುತ್ತಿ, ತುದಿಗೆ ಮಲ್ಲಿಗೆ ಮೊಗ್ಗು ಕಟ್ಟಿದ್ದರು. ಹಳೇ ಸ್ಕೂಲಿನ ಹಿಂದಿನ ಅದೇ ಮರದ್ದು ಅಂತ ಮೈಕಿನಲ್ಲಿ ಹೇಳಿದಾಗ ಚಪ್ಪಾಳೆಯೋ ಚಪ್ಪಾಳೆ. ಎಲ್ಲರೂ ಸಾಲಾಗಿ ಬಂದು ಒಂದೊಂದು ಏಟು ತಿಂದು, ಫೋಟೋ ತೆಗೆಸಿಕೊಳ್ಳಬೇಕು. ಇದು ಏರ್ಪಾಟು.

ಮೇಷ್ಟ್ರು ಬರಲನ್ನು ಕೈಗೆ ತೆಗೆದುಕೊಂಡರು. ಮೈಕಿನ ಹತ್ತಿರ ಹೋದರು.

“ನನ್ನ ಏಟಿಂದ ಉದ್ಧಾರ ಆದ್ವಿ ಅಂತ ಬೆಳಿಗ್ಗೆಯಿಂದ ಎಲ್ಲರೂ ಹೇಳಿದ್ರಿ. ಉತ್ತರ ಬಂತು. ಹೆಂಗೆ ಬಂತು ಹೇಳಿ” ಅಂದರು. ಭವನ ಪೂರ್ತಿ ನಗು. ಹಳೇ ಮಾತು ಕೇಳಿದ ಖುಷಿಗೆ ಸಿಳ್ಳೆ ಕೂಡ ಬಿತ್ತು. ಮೇಷ್ಟ್ರು ಕಾದು, ಮತ್ತೆ ಶುರುಮಾಡಿದರು. “ಏಟು ತಿಂದು ಉದ್ಧಾರ ಆದೋರು ಇಲ್ಲಿ ಕೂತಿದ್ದೀರಿ. ಏಟು ತಿಂದು ಉದ್ಧಾರ ಆಗದೇ ಇದ್ದೋರನ್ನ ನೀವು ಕರೆದಿಲ್ಲ. ಲೆಕ್ಕ ಎಂಗಪ್ಪಾ ಸರಿ ಹೋಯ್ತದೆ?”

ಮತ್ತೆ ನಗು, ಮತ್ತೆ ಚಪ್ಪಾಳೆ. ಆಗ ಅವರು ಬರಲನ್ನು ಶಿವಲಿಂಗನ ಕೈಗೆ ಕೊಟ್ಟು, ಅಂಗೈ ಚಾಚಿದರು. “ಹೊಡಿ” ಅಂದರು. ಶಿವಲಿಂಗ ನಾಲಿಗೆ ಕಚ್ಚಿ, ಮೈಕಿನಲ್ಲಿ “ನೋಡ್ರಪ್ಪಾ ನಮ್ಮ ಮೇಷ್ಟ್ರ ತಮಾಸೆಯಾ” ಅಂದ. ಬರಲಿನ ತುದಿಯ ಮಲ್ಲಿಗೆಯನ್ನು ಅವರ ಅಂಗೈಗೆ ಮೆಲ್ಲಗೆ ಮುಟ್ಟಿಸಿ, ದಬಕ್ಕನೆ ಕಾಲಿಗೆ ಬಿದ್ದ. ನೂರು ಫೋನು ಮೇಲೆದ್ದವು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಫೋನುಗಳ ಸಂದಿಯಲ್ಲಿ ಪೇಟ ಮಾತ್ರ ಕಂಡಿತು. ನಾನು ಊಟಕ್ಕೆ ಕೂರದೆ ಹೊರಗೆ ಬಂದೆ.

ಮಾರನೆಯ ಸಂಜೆ ಬೆಂಚಿನ ಮೇಲೆ ಮೇಷ್ಟ್ರು, “ಒಬ್ಬನೂ ಕೇಳಿಸ್ಕೊಳ್ಳಲಿಲ್ಲ” ಅಂದರು. “ತಪ್ಪು ಮಾಡ್ದೆ ಅಂದ್ರೆ ದೊಡ್ಡ ಮನಸು ಅಂತಾರೆ. ಹೊಡಿ ಅಂದ್ರೆ ತಮಾಷೆ ಅಂತಾರೆ. ತಾಯಮ್ಮನ ಊರಿಗೆ ಕರ್ಕೊಂಡು ಹೋಗವ್ವ. ಅವಳಾದ್ರೂ ಬೈಲಿ.”

ಅವಳ ತಮ್ಮನಿಂದ ಊರು ಕೇಳಿಕೊಂಡು ಒಂದು ರಜಾ ದಿನ ಹೊರಟೆವು. ಮಳವಳ್ಳಿ ಬಸ್ಸಿನಲ್ಲಿ ಕಂಡಕ್ಟರು ನನಗೆ ಹೆಂಗಸರ ಪುಕ್ಕಟೆ ಚೀಟಿ ಹರಿದುಕೊಟ್ಟು, ಮೇಷ್ಟ್ರ ಹತ್ತಿರ ಕಾಸು ತೆಗೆದುಕೊಂಡ. ಬೇರೆ ದಿನವಾಗಿದ್ದರೆ ಅವರು ಈ ಕಾಲವನ್ನು ಬೈಯಲು ಅಷ್ಟೇ ಸಾಕಿತ್ತು. ನಾನೇ ಕೆಣಕಿದೆ: “ನಮ್ಮವ್ವ ಬಸ್ಸಿಗೆ ಕಾಸಿಲ್ಲ ಅಂತ ಹಬ್ಬಕ್ಕೆ ತವರಿಗೆ ಹೋಗ್ತಿರಲಿಲ್ಲ ಮೇಷ್ಟ್ರೇ. ಈ ಕಾಲಾನೂ ಪರವಾಗಿಲ್ಲ.” ಅವರು ಕಿಟಕಿಯಾಚೆ ಗದ್ದೆ ನೋಡುತ್ತಾ ಹೂಂ ಅಂದರು. ದಾರಿಯುದ್ದಕ್ಕೂ ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ಪರೀಕ್ಷೆಗೆ ಹೊರಟ ಹುಡುಗ ಸೂತ್ರ ಬಾಯಿಪಾಠ ಮಾಡುವ ಹಾಗೆ.

ತಾಯಮ್ಮ ಗುರುತು ಹಿಡಿದಳು. ಸೆರಗು ಹೊದ್ದು, ಕಾಲು ಮುಟ್ಟಿ, ಕುರ್ಚಿ ಹಾಕಿ, ಮೊಮ್ಮಗಳನ್ನು ಕೂಗಿ ನೀರು ತರಿಸಿ, ಹುರಿಗಡಲೆಯನ್ನೋ ಬಾಳೆಹಣ್ಣನ್ನೋ ಏನನ್ನು ಕೊಡಲಿ ಎಂದು ತಿಳಿಯದೆ ಎರಡನ್ನೂ ತಂದಿಟ್ಟಳು. ಮನೆ ಅನುಕೂಲವಾಗಿದೆ. ತಾರಸಿ ಮನೆ, ಪಕ್ಕದ ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಕೂದಲು ಪೂರ್ತಿ ಬೆಳ್ಳಗಾಗಿದೆ, ನಗು ಮಾತ್ರ ನನ್ನ ಪಕ್ಕ ಕೂರುತ್ತಿದ್ದ ಹುಡುಗಿಯದೇ.

ಮೇಷ್ಟ್ರು ನೀರು ಕುಡಿಯಲಿಲ್ಲ. “ತಾಯಮ್ಮ, ನಿನ್ನ ತಮ್ಮ ಎಲ್ಲ ಹೇಳಿದ. ಆವತ್ತು ನಾನು ಇನ್ನೊಂದು ಕೈ ಕೇಳಬಾರದಾಗಿತ್ತು. ನಿನ್ನ ಓದು ನನ್ನಿಂದ ಹೋಯ್ತು. ತಪ್ಪಾಯ್ತು ಕಣವ್ವ” ಅಂದರು. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದು ಇಷ್ಟೇ.

“ಅಯ್ಯೋ ಬುಡಿ ಸಾ!” ಅಂತ ತಾಯಮ್ಮ ಎರಡೂ ಕೈ ಆಡಿಸಿದಳು. “ಅದ್ಯಾವ ಕಾಲುದ್ ಮಾತು! ನೀವು ಒಡೀದೆ ಇನ್ಯಾರು ಒಡೆದಾರು? ಆ ಕಾಲ್ವೇ ಚೆಂದಾಗಿತ್ತು. ಮೇಷ್ಟ್ರು ಅಂದ್ರೆ ಬಯ, ಅಪ್ಪ ಅಂದ್ರೆ ಬಯ. ಈಗಿನ್ ಐಕಳು ಯಾರಿಗೆ ಎದುರ್ತವೆ? ಇವ್ಳ್ನೇ ನೋಡಿ, ಒತ್ತಾರೆ ಎದ್ರೆ ಪೋನು. ಬಾ ಅಮ್ಮಿ ಇಲ್ಲಿ. ಸಾ, ಇವ್ಳಿಗೆ ಎಲ್ಡು ಬುಡಿ, ವಸಿ ಬುದ್ಧಿ ಬರ್ಲಿ. ಕೈ ಒಡ್ಡಮ್ಮಿ ಸಾ ಮುಂದೆ.”

ಎಂಟೋ ಒಂಬತ್ತೋ ವರ್ಷದ ಆ ಹುಡುಗಿ ಫೋನು ಬದಿಗಿಟ್ಟು, ಇದೊಂದು ಆಟವೇನೋ ಎನ್ನುವಂತೆ ನಗುತ್ತಾ ಅಂಗೈ ಚಾಚಿತು. ಮೇಷ್ಟ್ರ ಮುಖ ನೋಡಲು ನನಗೆ ಆಗಲಿಲ್ಲ. ಅವರು ಆ ಪುಟ್ಟ ಕೈಯನ್ನು ಹಿಡಿದುಕೊಂಡು, ಒಂದೊಂದೇ ಬೆರಳನ್ನು ಮಡಚಿ, ಮುಷ್ಟಿ ಮಾಡಿ, ಹುಡುಗಿಗೇ ವಾಪಸ್ ಕೊಟ್ಟರು. ತಾಯಮ್ಮ ಜೋರಾಗಿ ನಕ್ಕಳು.

ಹಾಲು ಕರೆಯುವ ಹೊತ್ತಾಯಿತು. ನಾನು ತಾಯಮ್ಮನ ಹಿಂದೆ ಕೊಟ್ಟಿಗೆಗೆ ಹೋದೆ. ಅವಳು ಕುಕ್ಕರಗಾಲಲ್ಲಿ ಕೂತು, ಕೆಚ್ಚಲಿಗೆ ನೀರು ಚಿಮುಕಿಸಿ, ಕರೆಯಲು ಶುರುಮಾಡಿದಳು. ಬಕೆಟ್ಟಿನ ತಳಕ್ಕೆ ಹಾಲು ಬೀಳುವ ಸದ್ದಿನ ನಡುವೆ, ನನ್ನ ಕಡೆ ತಿರುಗದೆ ಮಾತಾಡಿದಳು.

“ಪುಸ್ತುಕದ್ ಚೀಲ್ವ ಗ್ವಾಡೆ ಮೊಳೆಗೆ ನೇತಾಕಿದ್ದೆ ಕಣಮ್ಮಿ. ಅಪ್ಪುನ್ ಕ್ವಾಪ ಇಳೀತದೆ, ಮತ್ತೆ ಓಯ್ತೀನಿ ಅಂತ ದಿನಾ ನೋಡ್ತಿದ್ದೆ. ಇಳೀನೇ ಇಲ್ಲ. ಒಂದಿನ ನೋಡ್ತೀನಿ, ಅವ್ವ ಪುಸ್ತುಕ್ವ ಕೆಳಗೆ ಸುರ್ದು, ಆ ಚೀಲುಕ್ಕೆ ಬಿತ್ನೆ ಅವರೆ ತುಂಬ್ತಾವ್ಳೆ. ಅವತ್ತು ಗೊತ್ತಾಯ್ತು, ಮುಗೀತು ಅಂತ. ಕೊಟ್ಗೆಗೆ ಬಂದು ಅಸೀನ ಕತ್ತು ತಬ್ಕೊಂಡು ಅತ್ತೆ. ಲೆಕ್ಕ ಅಂದ್ರೆ ನಂಗೆ ಪ್ರಾಣ ಅಲ್ವಾ.”

“ಮತ್ತೆ ಅವರ ಮುಂದೆ ಹಂಗ್ಯಾಕೆ ಹೇಳ್ದೆ?” ಅಂದೆ. ನನ್ನ ದನಿ ಸ್ವಲ್ಪ ಏರಿತ್ತು.

“ಅಷ್ಟು ವಯಸ್ಸಾದೋರು ಬಸ್ಸತ್ಕೊಂಡು ಬಂದವ್ರೆ. ವಟ್ಟೆ ಉರೀತು ಅಂತ ಯೋಳ್ಳಾ? ಯೋಳಿ ನಾನೇನು ಪಾಸಾಯ್ತೀನಾ? ನಾನು ವಸಿ ಸುಳ್ಳು ಯೋಳುದ್ರೆ ಅವ್ರು ನೆಮ್ದಿಯಾಗಿ ಮನ್ಗೆ ಓಯ್ತಾರೆ. ನೀನೂ ಯೋಳ್ಬ್ಯಾಡ.”

ವಾಪಸ್ ಬರುವ ಬಸ್ಸು ಖಾಲಿ ಇತ್ತು. ಮೇಷ್ಟ್ರು ಕಿಟಕಿಯ ಪಕ್ಕ ಕೂತರು. ಆಮೇಲೆ, “ಎಲ್ಲರೂ ಸೇರ್ಕೊಂಡು ನನ್ನ ತಪ್ಪನ್ನ ಕಿತ್ಕೊಂಡ್ರಲ್ಲವ್ವ” ಅಂದರು. “ಅವಳೂ ಕಿತ್ಕೊಂಡ್ಲು. ಆ ಕಾಲ ಚೆಂದಾಗಿತ್ತಂತೆ. ಯಾರಿಗೂ ನೋವೇ ಆಗದ ಮೇಲೆ ನಾನು ಇದನ್ನ ಎಲ್ಲಿ ಇಡಲಿ?” ನನ್ನ ಕಡೆ ತಿರುಗಿದರು. “ಕೊಟ್ಟಿಗೇಲಿ ಅಷ್ಟು ಹೊತ್ತು ಏನು ಮಾತಾಡಿದ್ರಿ?”

ಒಂದು ಕಡೆ ತಾಯಮ್ಮ, ಹೇಳಬೇಡ ಅಂದವಳು. ಇನ್ನೊಂದು ಕಡೆ ಈ ಮೇಷ್ಟ್ರು, ಉತ್ತರ ಹೇಗೆ ಬಂತೆಂದು ಕೇಳದೆ ಬಿಡದವರು. ಸುಳ್ಳು ಹೇಳಿದರೆ ಗುಂಪಿನವರಿಗೂ ನನಗೂ ಏನು ವ್ಯತ್ಯಾಸ? ನಿಜ ಹೇಳಿ ಇವರಿಗೆ ಏನಾದರೂ ಆದರೆ? ಮಂಡ್ಯ ಇನ್ನೂ ದೂರವಿತ್ತು. ಹೇಳಿದೆ. ಮೊಳೆಗೆ ನೇತುಹಾಕಿದ ಚೀಲ, ಅದಕ್ಕೆ ತುಂಬಿದ ಬಿತ್ತನೆ ಅವರೆ, ಹಸುವಿನ ಕತ್ತು ತಬ್ಬಿಕೊಂಡು ಅತ್ತದ್ದು, ಎಲ್ಲವನ್ನೂ ಹೇಳಿದೆ. ಲೆಕ್ಕ ಅಂದರೆ ಅವಳಿಗೆ ಪ್ರಾಣವಾಗಿತ್ತಂತೆ ಮೇಷ್ಟ್ರೇ ಅಂದೆ.

ಮೇಷ್ಟ್ರು ಕನ್ನಡಕ ತೆಗೆದರು. ಒರೆಸಲು ಅಂಗಿಯ ಚುಂಗು ಹಿಡಿದವರು ಹಾಗೇ ಅದನ್ನು ಕಣ್ಣಿಗೆ ಒತ್ತಿಕೊಂಡರು. ಹೆಗಲು ಅಲುಗುತ್ತಿತ್ತು. ಕಂಡಕ್ಟರು ತಿರುಗಿ ನೋಡಿದ. ನಾನು ಎಂಥ ಕೆಲಸ ಮಾಡಿಬಿಟ್ಟೆ ಅಂದುಕೊಳ್ಳುತ್ತಿರುವಾಗ ಅವರ ಬಾಯಿಂದ ಬಂದದ್ದು ಒಂದೇ ಮಾತು.

“ಸದ್ಯ” ಅಂದರು.

ನನಗೆ ಕೇಳಿದ್ದು ಸರಿಯೋ ತಪ್ಪೋ ಎಂದು ಅವರ ಮುಖ ನೋಡಿದೆ. “ಸದ್ಯ ಕಣವ್ವ. ನೋವಾಯ್ತು ಅಂತ ಒಬ್ಬರಾದ್ರೂ ಅಂದ್ರಲ್ಲ” ಅಂದ ಮೇಲೆ, ಕೈಚೀಲದಲ್ಲಿದ್ದ ತಾಯಮ್ಮನ ಬಾಳೆಹಣ್ಣು ತೆಗೆದು, ಸುಲಿದು, ಅರ್ಧ ನನಗೆ ಕೊಟ್ಟು, ಉಳಿದರ್ಧ ತಿಂದರು. ಬೆಳಿಗ್ಗೆಯಿಂದ ಅವರ ಹೊಟ್ಟೆಗೆ ಬಿದ್ದದ್ದು ಅದೇ ಮೊದಲು.

ಆಮೇಲೆ ಅವರು ಬದುಕಿದ್ದು ಮೂರು ತಿಂಗಳು. ಪಾರ್ಕಿನಲ್ಲಿ ದಿನಾ ಸಿಗುತ್ತಿದ್ದರು. ಆ ವಿಷಯ ಮತ್ತೆ ಎತ್ತಲಿಲ್ಲ. ಬೇರೆ ಮುದುಕರು ಪಕ್ಕದಲ್ಲಿ ಕೂತು ‘ನಮ್ಮ ಕಾಲದಲ್ಲಿ’ ಅಂತ ಶುರುಮಾಡಿದರೆ ಎದ್ದು ಒಂದು ಸುತ್ತು ನಡೆದು ಬರುತ್ತಿದ್ದರು. ಎದೆನೋವು ಬಂದು ಹೋದರು. ನನ್ನ ಮಾತಿಗೂ ಆ ನೋವಿಗೂ ಸಂಬಂಧ ಇತ್ತೋ ಇಲ್ಲವೋ, ಇದನ್ನು ನಾನು ಯಾರನ್ನೂ ಕೇಳಿಲ್ಲ. ಕೇಳುವ ಧೈರ್ಯವಿಲ್ಲ.

ಹನ್ನೊಂದನೇ ದಿನದ ಕಾರ್ಯ ಅವರ ಹುಟ್ಟೂರಿನಲ್ಲಿ ನಡೆಯಿತು. ಶಾಮಿಯಾನದ ಬಾಗಿಲಿಗೇ ಶಿವಲಿಂಗ ಆ ಫೋಟೋವನ್ನು ಆಳೆತ್ತರದ ಫ್ಲೆಕ್ಸು ಮಾಡಿಸಿ ನಿಲ್ಲಿಸಿದ್ದ. ಬಂದವರೆಲ್ಲ ಅದನ್ನು ನೋಡಿ, ನಕ್ಕು, ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಿದ್ದರು. ಊಟದ ಹೊತ್ತಿಗೆ ತಾಯಮ್ಮ ತಮ್ಮನ ಜೊತೆ ಬಂದಳು. ಒಳಗೆ ಬರದೆ ಫ್ಲೆಕ್ಸಿನ ಮುಂದೆ ನಿಂತುಬಿಟ್ಟಳು. ನಾನು ಹತ್ತಿರ ಹೋದೆ.

ಶಿವಲಿಂಗನೂ ಬಂದ. ಅವಳು ಯಾರೆಂದು ನಾನು ಹೇಳಿದ ಮೇಲೆ ಅವನಿಗೆ ಸಂತೋಷವೋ ಸಂತೋಷ. “ನೋಡಮ್ಮಿ ತಾಯಮ್ಮ, ಅಷ್ಟು ಜನದ್ ಮುಂದೆ ನಂಗೇ ಒಡಿ ಅಂತ ಕೈ ಒಡ್ಡುದ್ರು. ಎಂಥಾ ತಮಾಸೆ ಮನುಸ್ಯ ಅಂತೀಯ!”

ತಾಯಮ್ಮ ಅವನ ಕಡೆ ನೋಡಲಿಲ್ಲ. ಫ್ಲೆಕ್ಸಿನ ಮೇಲೆ, ಮೇಷ್ಟ್ರು ಚಾಚಿದ ಅಂಗೈಯನ್ನು ಬೆರಳಿನಿಂದ ಮುಟ್ಟಿದಳು.

“ಎಡಗೈ” ಅಂದಳು.

ಅಷ್ಟು ದಿನದಿಂದ ಆ ಫೋಟೋ ನೂರು ಸಲ ನೋಡಿದ್ದೆ. ನನಗೂ ಕಂಡಿರಲಿಲ್ಲ. ಶಿವಲಿಂಗ, “ಯಾವ ಕೈಯಾದ್ರೇನು ಬುಡಮ್ಮಿ” ಅಂದ. ತಾಯಮ್ಮ ನನ್ನ ಕಡೆ ತಿರುಗಿದಳು. “ಇದು ನಮ್ಮನೆಗೆ ಬರೋಕೆ ಮುಂಚೆ ತಗ್ದಿದ್ದಾ?”

ಹೌದು ಅಂದೆ.

“ಅಂಗಾರೆ ಅವ್ರಿಗೆ ಗ್ಯಾಪಕ ಇತ್ತು. ನಾನು ಯಾವ ಕೈ ಒಡ್ತಿದ್ದೆ ಅಂತ ಗ್ಯಾಪಕ ಇತ್ತು. ಅಂಥೋರಿಗೆ ನಾನು ಸುಳ್ಳು ಯೋಳಿ ಕಳುಸ್ದೆ ಕಣಮ್ಮಿ.”

“ನಾನು ಹೇಳ್ಬಿಟ್ಟೆ ತಾಯಮ್ಮ. ಬಸ್ಸಲ್ಲಿ ಎಲ್ಲಾ ಹೇಳ್ಬಿಟ್ಟೆ.”

ಬೈಯುತ್ತಾಳೆ ಅಂದುಕೊಂಡೆ. ಅವಳು ನನ್ನ ಎರಡೂ ತೋಳು ಹಿಡಿದುಕೊಂಡಳು. “ಏನಂದ್ರು?”

“ಸದ್ಯ ಅಂದ್ರು.”

ತಾಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲ್ಲೇ ನೆಲದ ಮೇಲೆ ಕೂತಳು. ಅಷ್ಟು ವರ್ಷ ಹಸುವಿಗೆ ಬಿಟ್ಟು ಇನ್ಯಾರಿಗೂ ಕೇಳಿಸದೆ ಇಟ್ಟುಕೊಂಡಿದ್ದ ಅಳು ಅದು, ಜನರ ಮುಂದೆ ಬಂತು. ಊಟಕ್ಕೆ ಕೂತವರು ಎದ್ದು ನೋಡಿದರು. ಶಿವಲಿಂಗನ ಕಣ್ಣಲ್ಲೂ ನೀರು. “ನೋಡ್ರಪ್ಪಾ, ಆ ಕಾಲುದ್ ಗುರುಭಕ್ತಿ ಅಂದ್ರೆ ಇದು” ಅನ್ನುತ್ತಾ ಜೇಬಿನಿಂದ ಫೋನು ತೆಗೆದು ಅವಳ ಕಡೆ ಹಿಡಿದ.

ನಾನು ಅಂಗೈಯಿಂದ ಫೋನು ಮುಚ್ಚಿದೆ. “ಇದು ಗುಂಪಿಗೆ ಹಾಕೋದಲ್ಲ ಕಣ್ಲಾ” ಅಂದೆ. “ಹೋಗು, ಅವಳಿಗೆ ಒಂದು ಲೋಟ ನೀರು ತಾ.”